ರಿಪೋರ್ಟಿನಲ್ಲಿಲ್ಲದ ನೋವು

ಹಿಂದೂಪುರ
೧೪-೨-೨೦೨೫

ಪ್ರೀತಿಯ ಕಲ್ಪನಾ,

ನಾನೂ ಮಗಳು ಬನಶ್ರೀಯೂ ಚೆನ್ನಾಗಿದ್ದೇವೆ. ನೀನು ಕಲ್ಯಾಣದುರ್ಗಕ್ಕೆ, ತವರಿಗೆ ಹೋಗಿ ಒಂದೂವರೆ ತಿಂಗಳಾಯಿತು. ಇಷ್ಟು ತಡವಾಗಿ ಬರೆಯುತ್ತಿದ್ದೇನೆಂದು ಬೇಜಾರು ಮಾಡಿಕೊಳ್ಳಬೇಡ. ದಿನಾ ಫೋನಿನಲ್ಲಿ ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತೇನೆ. ಹೇಳಬೇಕಾದದ್ದು ಬಾಯಿಗೆ ಬರುವುದಿಲ್ಲ.

ಕೆಂಪು ಅಂಚಿನ ಸೀರೆ ಇನ್ನೂ ಮಗ್ಗದ ಮೇಲೇ ಇದೆ. ಕೂತರೆ ಕೈ ಓಡುವುದಿಲ್ಲ, ಎದ್ದರೆ ಕಾಲು ಎಳೆಯುತ್ತದೆ.

ನಿನ್ನೆ ನಿನ್ನ ಅಣ್ಣ ಚೌಡೇಶ್ ಫೋನ್ ಮಾಡಿದ್ದರು. ನೀನು ರಾಗಿಯನ್ನೂ ಬಿಟ್ಟು ಬರೀ ಅನ್ನದ ಗಂಜಿ ಕುಡಿಯುತ್ತಿದ್ದೀಯಂತೆ, ಬಳೆಗಳು ಮೊಣಕೈವರೆಗೆ ಜಾರುತ್ತಿವೆಯಂತೆ. "ಏನ್ ತಿನ್ನೋಕೂ ಭಯ ಪಡ್ತಾಳೆ ಭಾವ" ಎಂದರು. ಅದಕ್ಕೇ ಇವತ್ತು ಬರೆಯಲು ಕೂತೆ.

ಗೋಧಿ ತಿಂದರೆ ಹೊಟ್ಟೆ ಉಬ್ಬುತ್ತದೆ, ತಲೆಗೆ ಮಬ್ಬು ಕವಿದು ಮಗ್ಗದ ಎಳೆ ಎಣಿಸಲಾಗುವುದಿಲ್ಲ ಎಂದು ನೀನು ಎರಡು ವರ್ಷ ಹೇಳಿದೆ. ರಕ್ತಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಎಂಡೋಸ್ಕೋಪಿಯಲ್ಲೂ ಇಲ್ಲ. ಎಲ್ಲ ನಿನ್ನ ಮನಸ್ಸಿನದು ಎಂದೆ ನಾನು. ಚಪಾತಿ ಬಿಟ್ಟ ಮೇಲೆ ನೀನು ಗೆಲುವಾದದ್ದನ್ನು ಕಣ್ಣಾರೆ ಕಂಡರೂ ನಂಬಲಿಲ್ಲ.

ಡಿಸೆಂಬರಿನಲ್ಲಿ ಮೂರು ದಿನ ಹಾಸಿಗೆ ಹಿಡಿದೆಯಲ್ಲ, ಇನ್ನು ರಾಗಿರೊಟ್ಟಿಯೂ ಒಗ್ಗುವುದಿಲ್ಲ ಎಂದು ಕಣ್ಣೀರು ಹಾಕಿದೆಯಲ್ಲ, ಅದು ರಾಗಿಯಿಂದಲ್ಲ ಕಲ್ಪನಾ. ಆ ಹಿಟ್ಟಿಗೆ ನಾನು ಗೋಧಿಹಿಟ್ಟು ಬೆರೆಸಿದ್ದೆ. ಗೊತ್ತಿಲ್ಲದೆ ತಿಂದರೆ ನಿನಗೇನೂ ಆಗುವುದಿಲ್ಲ, ಆಮೇಲೆ ನಿನ್ನ ಬಾಯಿ ಮುಚ್ಚಿಸಬಹುದು ಎಂದುಕೊಂಡಿದ್ದೆ.

ಹೋದ ವಾರ ನಿನ್ನ ರಿಪೋರ್ಟುಗಳನ್ನು ಹಿಡಿದು ಅನಂತಪುರದಲ್ಲಿ ಬೇರೊಬ್ಬ ಡಾಕ್ಟರನ್ನು ಕಂಡೆ. ಗೋಧಿಯಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇಲ್ಲದ ಕೆಲವರಿಗೂ ಗೋಧಿಯಲ್ಲಿರುವ ಗ್ಲುಟನ್‌ನಂಥ ಪ್ರೋಟೀನು ಒಗ್ಗುವುದಿಲ್ಲ, ಅದನ್ನು ಹಿಡಿಯುವ ಪರೀಕ್ಷೆ ಇನ್ನೂ ಇಲ್ಲ, ಆದರೆ ಪಡುವ ಪಾಡು ಸುಳ್ಳಲ್ಲ ಎಂದರು. ನಾನು ಮಾಡಿದ್ದನ್ನೂ ಹೇಳಿಕೊಂಡೆ. ಬೈಯಲಿಲ್ಲ. "ಮೊದ್ಲು ಆಯಮ್ಮಂಗೆ ಹೇಳು ಹೋಗಪ್ಪ" ಎಂದರಷ್ಟೇ.

ರಾಗಿ ತಿನ್ನು. ಭಯ ಬೇಡ. ನೀನು ಹೇಳಿದ್ದೆಲ್ಲ ನಿಜವಾಗಿತ್ತು. ಬಾ ಎಂದು ಕರೆಯುವ ಮುಖ ನನಗಿಲ್ಲ. ಚೌಡೇಶ್ವರಿ ತಾಯಿ ನಿನ್ನ ಮೈಯಲ್ಲಿ ಮತ್ತೆ ಶಕ್ತಿ ತುಂಬಲಿ.

ನಿನ್ನ
ಭಾನುಪ್ರಕಾಶ್

ತಾ.ಕ.: ಹಿಟ್ಟಿನಲ್ಲಿ ಏನಾದರೂ ಬೆರೆತಿದೆಯಾ ಎಂದು ಆ ದಿನ ನೀನು ಕೇಳಿದಾಗ, ನಾನು ಬನಶ್ರೀಯ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿ ಇಲ್ಲ ಎಂದೆ. ಮೊನ್ನೆ ಮಗು ತಾನಾಗಿಯೇ ಹೇಳಿತು: "ನೀನು ಬೆರೆಸಿದ್ದು ನಾನು ನೋಡಿದ್ದೆ ಅಪ್ಪ. ಹೇಳಿದ್ರೆ ಅಮ್ಮ ಮನೆ ಬಿಟ್ಟು ಹೋಯ್ತಾಳೆ ಅಂತ ಸುಮ್ಕಿದ್ದೆ."