ತನ್ನ ಎಣ್ಣೆ ತಾನೇ ಕುಡಿದ ಎಂಜಿನ್

ಬಸ್ ಷೆಡ್ಡಿನ ಹಿಂದಿನ ಕೋಣೆಯಿಂದ,
ಶನಿವಾರ, ಹದಿನಾಲ್ಕನೇ ತಾರೀಖು

ನಮ್ಮ ಇವರಿಗೆ, ಪ್ರೀತಿಯಿಂದ,

ರೀ, ಹೇಗಿದ್ದೀರಿ? ಸುರಂಗ ಕೊರೆಯುವಲ್ಲಿನ ಧೂಳಿಗೆ ನಿಮ್ಮ ಕೆಮ್ಮು ಜಾಸ್ತಿಯಾಗಿದೆಯೆಂದು ರಜೆಗೆ ಬಂದ ನಿಮ್ಮ ಜೊತೆಯ ಡ್ರೈವರು ಹೇಳಿದರು. ಲಾರಿ ಒರೆಸುವ ಬಟ್ಟೆಯನ್ನೇ ಮೂಗಿಗೆ ಕಟ್ಟಿಕೊಳ್ಳಬೇಡಿ ಎಂದು ಎಷ್ಟು ಸಲ ಹೇಳಲಿ? ಫೋನು ಸಿಗದ ಜಾಗದಲ್ಲಿ ಕೂತಿದ್ದೀರಿ, ಬೈಯುವುದಕ್ಕೂ ಪತ್ರವೇ ಗತಿ. ಅತ್ತೆ ಚೆನ್ನಾಗಿದ್ದಾರೆ. ಮಂಡಿ ನೋವು ಮೆಟ್ಟಿಲು ಕಂಡಾಗ ಮಾತ್ರ ಬರುತ್ತದೆ, ತರಕಾರಿಯವನ ಜೊತೆ ಜಗಳಕ್ಕೆ ನಿಂತರೆ ಎಲ್ಲಿಗೋ ಓಡಿಹೋಗುತ್ತದೆ. ನಾನಂತೂ ಗುಂಡುಕಲ್ಲಿನ ಹಾಗಿದ್ದೇನೆ.

ಈಗ ಸುದ್ದಿ. ನಮ್ಮ ಬಸ್ಸು ಎದ್ದು ಕೂತಿದೆ! ಹೌದು ರೀ, ಅದೇ ಬಸ್ಸು. ಸುರಂಗದ ಕೆಲಸಕ್ಕೆ ಹೊರಡುವ ದಿನ ನೀವು ಅದರ ಮುಖ ಕೂಡ ನೋಡದೆ, "ಎಂಜಿನ್ ಸತ್ತೋಯ್ತು, ಗುಜರಿಯವನಿಗೆ ಹೇಳ್ಬಿಡು" ಅಂದಿರಿ. ನಾನು ಹೇಳಲಿಲ್ಲ. ಮಿಲ್ಲಿನ ಬೆಳಗಿನ ಪಾಳಿಗೆ ತಡವಾಗಿ ಓಡಿ ಬರುತ್ತಿದ್ದ ನನಗಾಗಿ, ಒಳಗೆ ಕೂತವರು ಬೈದರೂ ಕೇಳದೆ ನೀವು ಎಂಜಿನ್ ರೈಸ್ ಮಾಡುತ್ತ ನಿಲ್ಲಿಸಿಕೊಂಡಿದ್ದದ್ದು ಇದೇ ಬಸ್ಸನ್ನಲ್ಲವೇ? ಅದನ್ನು ಹೇಗೆ ಗುಜರಿಗೆ ಹಾಕಲಿ? ಹಾಗಾಗಿ ಹೊಗೆ ಮಾಮನನ್ನು ಹಿಡಿದು ತಂದೆ. ನಿಮಗೆ ಗೊತ್ತಲ್ಲ, ಮಾವನವರ ಜೊತೆ ಡಿಪೋದಲ್ಲಿದ್ದ ಮೇಸ್ತ್ರಿ, ಹೊಗೆಯ ಬಣ್ಣ ನೋಡಿ ಎಂಜಿನ್ನಿನ ಜಾತಕ ಹೇಳುವವರು. ಎಂಜಿನ್ನಿನ ಮೇಲಿನ ಹೆಡ್ಡು ಬಿಚ್ಚಿ, ಟಾರ್ಚು ಬಿಟ್ಟು ನೋಡಿ, "ಗುಂಡಿಗೆ ಗಟ್ಟಿಯಾಗೇ ಇದೆ ಕಣಮ್ಮಾ, ಉಸಿರು ಮಾತ್ರ ಸೋರ್ತಿದೆ" ಅಂದರು. ಪಿಸ್ಟನ್ನಿನ ಉಂಗುರಗಳು ಸವೆದಿದ್ದವು, ಪಿಸ್ಟನ್ನು ಓಡಾಡುವ ಲೈನರುಗಳಲ್ಲಿ ಗೀರು ಬಿದ್ದಿತ್ತು.

ಅಂದಿನಿಂದ ದಿನಾ ಮಿಲ್ಲು ಬಿಟ್ಟ ಮೇಲೆ ಷೆಡ್ಡೇ ನನ್ನ ಮನೆ. ಆರು ಪಿಸ್ಟನ್ನುಗಳೂ ಹೊರಗೆ ಬಂದವು. ಒಂದೊಂದೂ ನಮ್ಮ ಸಕ್ಕರೆ ಡಬ್ಬಿಯ ಗಾತ್ರ! ಅತ್ತೆ ಮೊದಮೊದಲು ಇತ್ತ ತಲೆಯೇ ಹಾಕಲಿಲ್ಲ. "ಗಂಡ ಇದರ ಕೆಳಗೇ ಮಲಗಿ ಆಯಸ್ಸು ಕಳೆದ್ರು, ಈಗ ಸೊಸೆಯ ಸರದಿ" ಎಂದು ಅಡುಗೆಮನೆಯ ಪಾತ್ರೆಗಳಿಗೆ ಕೇಳಿಸುತ್ತಿದ್ದರು. ಆಮೇಲೆ ಒಂದು ಸಂಜೆ ತರಕಾರಿ ಹೆಚ್ಚುವ ಹಲಗೆ ಹಿಡಿದು ಬಂದು, "ಇಲ್ಲಿ ಗಾಳಿ ಚೆನ್ನಾಗಿದೆ" ಎನ್ನುತ್ತ ಷೆಡ್ಡಿನ ಹೊಸ್ತಿಲ ಮೇಲೆ ಕೂತರು. ಡೀಸೆಲ್ ವಾಸನೆ ಬಿಟ್ಟರೆ ಅಲ್ಲಿ ಬೇರೆ ಗಾಳಿ ಎಲ್ಲಿದೆ ಹೇಳಿ! ಅಂದಿನಿಂದ ಅದೇ ಅವರ ಜಾಗ.

ಕಳೆದ ವಾರ ಎಲ್ಲ ಜೋಡಿಸಿ ಮುಗಿಸಿದೆವು. ಗಾಳಿ ಒಳಗೆ ಹೋಗುವ ಬಾಯಿಗೆ ಫಿಲ್ಟರಿನ ಪೈಪು ಹಾಕುವುದೊಂದು ಬಾಕಿ. ನನಗೆ ತಡೆಯಲಾಗಲಿಲ್ಲ, "ಒಂದೇ ಒಂದ್ಸಲ ಸ್ಟಾರ್ಟ್ ಮಾಡೋಣ ಮಾಮಾ" ಅಂದೆ. ಮಾಡಿದೆವು. ಎಂಜಿನ್ ಕೆಮ್ಮಿತು, ಗುಡುಗಿತು, ಹಿಡಿಯಿತು. ನಾನು ಕುಣಿದೇಬಿಟ್ಟೆ. ಕುಣಿತ ಮುಗಿಯುವ ಮುಂಚೆ ಅದರ ಸದ್ದು ಏರತೊಡಗಿತು. ಯಾರೂ ಆಕ್ಸಿಲರೇಟರ್ ಒತ್ತಿಲ್ಲ, ಅದು ಮಾತ್ರ ಏರುತ್ತಲೇ ಇದೆ! ಮಾಮ ಡೀಸೆಲ್ ನಿಲ್ಲಿಸುವ ಕಡ್ಡಿಯನ್ನು ಎಳೆದರು. ಊಹೂಂ. ಗಾಳಿ ತುಂಬುವ ಟರ್ಬೋದ ಸೀಲು ಸೋರಿ, ಎಂಜಿನ್ ತನ್ನ ಹೊಟ್ಟೆಯ ಎಣ್ಣೆಯನ್ನೇ ಎಳೆದು ಕುಡಿಯುತ್ತಿತ್ತು. ಕುಡಿದವರಿಗೆ ಬುದ್ಧಿ ಹೇಳಿದರೆ ಕೇಳುತ್ತಾರೆಯೇ? ಷೆಡ್ಡಿನ ತಗಡೆಲ್ಲ ನಡುಗಿತು, ನೀಲಿ ಹೊಗೆಯಲ್ಲಿ ನನ್ನ ಕೈ ನನಗೇ ಕಾಣಲಿಲ್ಲ. "ಗಾಳಿ ಮುಚ್ಚು! ಇಲ್ಲಾಂದ್ರೆ ಸಿಡಿಯತ್ತೆ!" ಎಂದು ಮಾಮ ಕಿರುಚಿದರು. ಯಾವುದರಿಂದ ಮುಚ್ಚಲಿ? ಬಟ್ಟೆ ಇಟ್ಟರೆ ಅದನ್ನೂ ನುಂಗುತ್ತದೆ. ಅಷ್ಟರಲ್ಲಿ ಹೊಗೆಯೊಳಗಿಂದ ಒಂದು ಕೈ ಬಂತು, ಕೈಯಲ್ಲಿ ಹಲಗೆ. "ತಗೊಳ್ಳೇ!" ಅಂದರು ಅತ್ತೆ. ಕಿತ್ತುಕೊಂಡು ಆ ಬಾಯಿಗೆ ಅಪ್ಪಳಿಸಿ ಹಿಡಿದೆ. ಗಾಳಿಯ ಸೆಳೆತಕ್ಕೆ ಹಲಗೆ ನನ್ನ ಕೈಯಿಂದ ಜಾರಿ ಹೋಗಿ ಅಂಟಿತು. ಎಂಜಿನ್ ಒಂದು ಸಲ ಬಿಕ್ಕಿ, ನಿಂತಿತು.

ಅತ್ತೆ ಬಂದು ನನ್ನ ಎರಡೂ ಕೈ ಹಿಡಿದು, ಒಂದೊಂದೇ ಬೆರಳು ಮುಟ್ಟಿ ನೋಡಿದರು. ಎಲ್ಲ ಇದೆಯೆಂದು ಖಾತ್ರಿಯಾದ ಮೇಲೆ, "ಹಲಗೆ ಕೊಡು, ಕ್ಯಾರೆಟ್ ಅರ್ಧ ಬಾಕಿ ಇದೆ" ಅಂದರು. ದನಿ ಮಾತ್ರ ಅವರದಾಗಿರಲಿಲ್ಲ. ನೀವು ಈಗ ಬೈಯಬೇಡಿ, ಬೈಗುಳವನ್ನೆಲ್ಲ ಅವರೇ ಬೈದು ಮುಗಿಸಿದ್ದಾರೆ, ಮಾಮನಿಗೂ ಸೇರಿಸಿ.

ಸೀಲು ಬದಲಾಯಿಸಿದೆವು. ಒಳಗೆ ಏನೂ ಕೆಟ್ಟಿರಲಿಲ್ಲ, ನಮ್ಮ ಪುಣ್ಯ. ನೀವು ಹಟ ಹಿಡಿದು ನನಗೆ ಕೊಡಿಸಿದ ಹೆವಿ ಲೈಸೆನ್ಸ್ ಪೆಟ್ಟಿಗೆಯಿಂದ ಎದ್ದು ಬಂತು. ನಿನ್ನೆ ಜನರ ಬದಲು ಮರಳಿನ ಮೂಟೆ ತುಂಬಿಕೊಂಡು ಆಸ್ಪತ್ರೆಯ ಏರು ಹತ್ತಿಸಿದೆ ರೀ! ಎರಡನೇ ಗೇರಿನಲ್ಲಿ, ಹೊಗೆಯಿಲ್ಲದೆ, ತುಂಬಿದ ಹೊಟ್ಟೆಯವರ ಹಾಗೆ ಗುನುಗುತ್ತ ಹತ್ತಿತು. ಮುಂದಿನ ಸೀಟಿನಲ್ಲಿ ಕೂತ ಅತ್ತೆ ದಾರಿಯುದ್ದಕ್ಕೂ "ಹಾರ್ನ್ ಹೊಡಿ, ಹಾರ್ನ್ ಹೊಡಿ" ಎನ್ನುತ್ತಿದ್ದರು. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ಸೋಮವಾರದಿಂದ ಬೆಳಗಿನ ಪಾಳಿಯವರು ಮತ್ತೆ ನಮ್ಮ ಬಸ್ಸನ್ನೇ ಹತ್ತುತ್ತಾರೆ, ಮಿಲ್ಲಿನವರು ಒಪ್ಪಿದ್ದಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ, ಕೆಮ್ಮಿಗೆ ಔಷಧಿ ತಗೊಳ್ಳಿ. ಅತ್ತೆಯ ಆಶೀರ್ವಾದ, ಹೊಗೆ ಮಾಮನ ನಮಸ್ಕಾರ.

ಇಂತಿ, ಉಗುರಿನ ಗ್ರೀಸು ಇನ್ನೂ ಹೋಗದ,
ನಿಮ್ಮವಳು

ತಾ.ಕ.: ಲಕೋಟೆ ಅಂಟಿಸುವಾಗ ಅತ್ತೆ ಕೈ ಹಿಡಿದು "ಮುಖ್ಯವಾದ್ದು ಬರೆದ್ಯಾ?" ಅಂದರು. ಬರೆದಿರಲಿಲ್ಲ. ಸುರಂಗದವರು ಇನ್ನೆರಡು ವರ್ಷದ ಕರಾರಿಗೆ ನಿಮ್ಮ ಸಹಿ ಕೇಳುತ್ತಿದ್ದಾರಂತೆ. ಹಾಕಬೇಡಿ. ಬಸ್ಸಿಗೆ ಡ್ರೈವರ್ ಸಿಕ್ಕಿದ್ದಾಳೆ, ಆ ಚಿಂತೆ ಬಿಡಿ. ನೀವು ಬೇಕಾಗಿರುವುದು ಮನೆಗೆ. ಬಂದುಬಿಡಿ.