ಎರಡನೇ ಕುರ್ಚಿಗೆ ನಾಲ್ಕು ಅಂಕ

ಗೊಣಗಪ್ಪ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಇನ್ನು ನಿನಗೆ ಕಾಗದ ಬರೆದರೆ ಅಂಚೆಯವನಿಗೂ ಕಷ್ಟ. ಆದರೂ ಇವತ್ತಿನದನ್ನು ಹೇಳಬೇಕು.

ನಿನ್ನ ‘ಎರಡನೇ ಕುರ್ಚಿ’ ಪ್ರಬಂಧದ ಧಾಟಿ, ಶೈಲಿ, ಉದ್ದೇಶವನ್ನು ಈ ಸಲ ಪರೀಕ್ಷೆಯಲ್ಲಿ ಕೇಳಿದ್ದೆವು. ಕೀ ಉತ್ತರ ನಾನೇ ಬರೆದದ್ದು: ಧಾಟಿ ಲಘು ಹಾಸ್ಯ, ಶೈಲಿ ಹರಟೆ, ಉದ್ದೇಶ ಸೋಮಾರಿಯ ಅಣಕ.

ಮೌಲ್ಯಮಾಪನದ ಕೊಠಡಿಯಲ್ಲಿ ಪಕ್ಕದ ಮೇಡಂ ಒಂದು ಉತ್ತರಪತ್ರಿಕೆಯನ್ನು ನನ್ನತ್ತ ತಳ್ಳಿದರು. “ಸರ್, ಈ ಹುಡುಗಿ ಏನೇನೋ ಬರೆದಿದ್ದಾಳೆ. ಸೊನ್ನೆ ಸುತ್ಲಾ?”

ಹುಡುಗಿ ಬರೆದಿದ್ದಳು: ‘ಲೇಖಕರು ದಿನವೂ ಆ ಕುರ್ಚಿಯ ಮೇಲೆ ಪೇಪರ್ ರಾಶಿ ಹಾಕುತ್ತಾರೆ, ಸಂಜೆ ಗೊಣಗುತ್ತ ತೆಗೆಯುತ್ತಾರೆ. ಒಬ್ಬರೇ ಇರುವವರು ಯಾಕೆ ತೆಗೆಯಬೇಕು? ಯಾರೋ ಬರಬೇಕಿದೆ. ಇದು ನಗಿಸುತ್ತಲೇ ಕಾಯುವ ಧಾಟಿ. ಉದ್ದೇಶ, ಆ ಒಬ್ಬರನ್ನು ಕರೆಯುವುದು.’

ಏಳು ವರ್ಷ ದಿನಾ ಸಂಜೆ ನಿನ್ನ ಮನೆಯ ಆ ಕುರ್ಚಿಯಲ್ಲಿ ಕೂತವನು ನಾನು. ಕೊನೆಯ ಜಗಳದಲ್ಲೂ ‘ಸಾಕಪ್ಪ, ಗೊಣಗಪ್ಪ’ ಎಂದು ಪ್ರಾಸ ಕೂಡಿಸಿಯೇ ಎದ್ದು ಹೋದೆ. ಆಮೇಲೆ ನೀನು ಈ ಪ್ರಬಂಧ ಬರೆದು ಅಚ್ಚು ಹಾಕಿಸಿದೆ. ನಾನು ಹೊಟ್ಟೆ ಹಿಡಿದು ನಕ್ಕೆ. ನಕ್ಕು, ಪಠ್ಯಕ್ಕೆ ಆರಿಸಿದೆ; ನಿನ್ನ ಮನೆಗೆ ಮಾತ್ರ ಮತ್ತೆ ಬರಲಿಲ್ಲ.

“ನಾಲ್ಕಕ್ಕೆ ನಾಲ್ಕು ಕೊಡಿ,” ಅಂದೆ.

“ಕೀ ಪ್ರಕಾರ ತಪ್ಪಲ್ವಾ ಸರ್?”

“ಕೀ ಬರೆದವನಿಗೆ ಓದೋಕೆ ಬರ್ತಿರ್ಲಿಲ್ಲ ಮೇಡಂ.”

ಕೀ ತಿದ್ದಿ ಎಲ್ಲ ಕೊಠಡಿಗಳಿಗೂ ಕಳಿಸಿದೆ. ಕಟ್ಟಿಟ್ಟ ಬಂಡಲುಗಳನ್ನು ಮತ್ತೆ ಬಿಚ್ಚಿಸಿದ್ದಕ್ಕೆ ಎಲ್ಲರೂ ನನ್ನನ್ನು ಬೈದುಕೊಂಡು ಮನೆಗೆ ಹೋದರು.

ಈಗ ಸಂಜೆ. ಪಕ್ಕದ ಕುರ್ಚಿಯ ಮೇಲೆ ಬಂಡಲುಗಳಿದ್ದವು. ತೆಗೆದು ಕೆಳಗಿಟ್ಟಿದ್ದೇನೆ.