ಇಲ್ಲ ಎಂದು ಬರೆದ ಕೈ

ಸಂತೆಬಾಚಹಳ್ಳಿ
೧೭-೪-೧೯೯೭, ಗುರುವಾರ

ತಮ್ಮ ದೇವರಾಜುವಿಗೆ, ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಅಕ್ಕ ಪುಟ್ಟತಾಯಿ ಬರೆಯುವುದು.

ನಿನ್ನ ಕಾಗದ ನಿನ್ನೆ ಬಂತು. ಗಾಡಿ ಕಲಿಯಲು ಎಲ್‌ಎಲ್‌ಆರ್ ಸಿಕ್ಕಿದ ಸಂಭ್ರಮ ಅಕ್ಷರ ಅಕ್ಷರದಲ್ಲೂ ಕುಣಿಯುತ್ತಿದೆ. ಭಾನುವಾರ ಹೊನ್ನಪ್ಪ ಮಾವನ ಮೆಟಡೋರನ್ನು ನೀನೇ ಓಡಿಸಿಕೊಂಡು ಬಂದು, ಬೇಸಿಗೆ ರಜೆಗೆ ನನ್ನ ಮಕ್ಕಳಿಬ್ಬರನ್ನೂ ಪಾಲಹಳ್ಳಿಯ ಅವ್ವನ ಮನೆಗೆ ಕರೆದೊಯ್ಯುತ್ತೀಯಂತೆ. ಪಕ್ಕದಲ್ಲಿ ಮಾವ ಕೂತಿರುತ್ತಾನೆ, ಹೆದರಬೇಡ ಎಂದೂ ಬರೆದಿದ್ದೀಯ. ದಿವ್ಯ ಆಗಲೇ ಚೀಲ ತುಂಬಿಕೊಂಡು ಜಗಲಿಯಲ್ಲಿ ಕೂತಿದ್ದಾಳೆ. ರಘು ಊಟದ ತಟ್ಟೆ ಹಿಡಿದು ಸ್ಟೇರಿಂಗ್ ತಿರುಗಿಸುತ್ತಿದ್ದಾನೆ. ನನಗೆ ಮಾತ್ರ ಅನ್ನ ಇಳಿಯುತ್ತಿಲ್ಲ.

ನಿನ್ನ ಕಾಗದದ ಎರಡನೇ ಪುಟದಲ್ಲಿ, ಒಂದು ಪದದ ನಡುವೆ ಪೆನ್ನು ಜಾರಿ, ಗೆರೆ ಓರೆಯಾಗಿ ಹಾಳೆಯ ಅಂಚಿನವರೆಗೂ ಹೋಗಿದೆ. ಅದರ ಕೆಳಗೆ ಬೇರೆ ಶಾಯಿಯಲ್ಲಿ ನಿನ್ನದೇ ಮಾತು: "ಬರೀತಾ ಇದ್ದಂಗೇ ಮಾರಮ್ಮ ಮೈಮೇಲೆ ಬಂದ್ಬುಟ್ಲು ಕಣಕ್ಕ. ಗಾಡಿ ಓಡ್ಸು ಅಂತ ಅಪ್ಣೆ ಕೊಟ್ಟವ್ಳೆ." ಆ ಗೆರೆಯನ್ನು ಎಷ್ಟು ಸಲ ನೋಡಿದೆನೋ. ಪೆನ್ನು ಹಿಡಿದ ಕೈ ಹೀಗೆ ಹೋಗಿದೆ. ಸ್ಟೇರಿಂಗ್ ಹಿಡಿದ ಕೈ ಎಲ್ಲಿಗೆ ಹೋದೀತು?

ನಿನಗೆ ಹನ್ನೆರಡು ವರ್ಷವಿದ್ದಾಗ, ಮಾರಮ್ಮನ ಗುಡಿ ಮುಂದೆ ತಮಟೆ ಬಡಿಯುತ್ತಿದ್ದಾಗ ನೀನು ಮೊದಲ ಸಲ ಬಿದ್ದೆ. ಅರಿಶಿನದ ನೀರು ಎರಚಿದರು, ಬೇವಿನ ಸೊಪ್ಪು ಕೈಗಿಟ್ಟರು. ನೀನು ಕಣ್ಣು ಬಿಡುವ ಹೊತ್ತಿಗೆ ಊರಿಗೆ ಊರೇ ನಿನ್ನ ಕಾಲಿಗೆ ಬಿದ್ದಿತ್ತು. ನನಗೂ ಹೆಮ್ಮೆಯಾಗಿತ್ತು. ಎರಡು ತಿಂಗಳ ಮೇಲೆ ಕಣದಲ್ಲಿ ಬಿದ್ದೆಯಲ್ಲ, ಅಲ್ಲಿ ತಮಟೆ ಇರಲಿಲ್ಲ, ಗುಡಿ ಇರಲಿಲ್ಲ, ನಾನೊಬ್ಬಳೇ ಇದ್ದೆ. ಮೊದಲು ಎಡಗೈ ಹೆಬ್ಬೆರಳು ಅದುರಿತು. ಆಮೇಲೆ ಮೈಯೆಲ್ಲ ಸೆಟೆಯಿತು. ನಾಲಗೆ ಕಚ್ಚಿಕೊಂಡು ಬಾಯಿತುಂಬ ರಕ್ತ, ಚಡ್ಡಿಯೆಲ್ಲ ಒದ್ದೆ. ಅವ್ವ ಓಡಿಬಂದು ಸೆರಗಿನಲ್ಲಿ ಒರೆಸಿ, ನನ್ನ ರಟ್ಟೆ ಹಿಡಿದಳು. "ಯಾರ್ಗೂ ಯೋಳ್ಬ್ಯಾಡ ಕಣವ್ವ. ಕಾಯ್ಲೆ ಅಂದ್ರೆ ಎಣ್ಣು ಕೊಡಾಕಿಲ್ಲ, ದ್ಯಾವ್ರು ಅಂದ್ರೆ ಕಾಲಿಗ್ ಬೀಳ್ತಾರೆ." ನಾನು ಯಾರಿಗೂ ಹೇಳಲಿಲ್ಲ. ನಿನಗೂ ಹೇಳಲಿಲ್ಲ.

ಹೋದ ತಿಂಗಳು ಆರ್‌ಟಿಓ ಆಫೀಸಿನ ಮುಂದೆ ಹೊಂಗೆ ಮರದಡಿ ಕೂತು ನಿನ್ನ ಅರ್ಜಿ ತುಂಬಿದವಳೂ ನಾನೇ. ಗುರುತಿನ ಮಚ್ಚೆ ಎಲ್ಲಿದೆ ಎಂದರೆ, "ಬೆನ್ನಲ್ಲೈತೆ, ಅಂಗಿ ಬಿಚ್ಲಾ?" ಅಂತ ನೀನು ನನ್ನನ್ನು ನಗಿಸಿದ್ದೆ. ಮೂರ್ಛೆ ಬರುವುದುಂಟೇ, ಇದ್ದಕ್ಕಿದ್ದಂತೆ ಎಚ್ಚರ ತಪ್ಪುವುದುಂಟೇ ಎಂದು ನಾನು ಓದಿದಾಗಲೂ ನೀನು ನಕ್ಕೆ. "ಕಾಯ್ಲೆ ಯಾವ್ದೂ ಇಲ್ಲ ಬರಿಯಕ್ಕ. ಅಮ್ಮ ಬರೋದ್ನ ಇವರ್ಯಾಕೆ ಕೇಳ್ತಾರೆ?" ನೀನು ನಂಬಿ ಹೇಳಿದೆ. ನಾನು ಗೊತ್ತಿದ್ದೂ 'ಇಲ್ಲ' ಎಂದು ಬರೆದೆ. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ಟೀಚರಮ್ಮ ನಾನು!

ಇವತ್ತು ಆದಿಚುಂಚನಗಿರಿ ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಆ ಗೆರೆಯನ್ನೂ ತೋರಿಸಿದೆ. "ನೋಡ್ದೆ ಖಚಿತವಾಗಿ ಹೇಳೋಕಾಗಲ್ಲಮ್ಮ, ಆದ್ರೆ ಮೂರ್ಛೆರೋಗದ ಥರಾನೇ ಇದೆ. ಮಾತ್ರೆಗಳಿವೆ, ಕರ್ಕೊಂಡು ಬನ್ನಿ. ಅಲ್ಲೀವರೆಗೂ ಗಾಡಿ ಮುಟ್ಟಿಸ್ಬೇಡಿ" ಅಂದರು. ಪಾಂಡವಪುರದ ಹತ್ತಿರ ನಾಲೆಗೆ ನೀರು ಬಿಟ್ಟಿದ್ದಾರಂತೆ, ದಡ ಮುಟ್ಟಿ ಹರಿಯುತ್ತಿದೆಯಂತೆ. ನೀನು ಬರಬೇಕಾದ ಆ ಏರಿ ರಸ್ತೆಗೆ ಒಂದು ಅಡ್ಡಗಲ್ಲೂ ಇಲ್ಲ. ಮಾವ ಪಕ್ಕದಲ್ಲಿದ್ದು ಏನು ಮಾಡಿಯಾನು? ಅಂದು ಕಣದಲ್ಲಿ ನಿನ್ನ ಮುಷ್ಟಿಯ ಒಂದು ಬೆರಳು ಬಿಡಿಸಲು ನನಗೂ ಅವ್ವನಿಗೂ ಸೇರಿ ಆಗಲಿಲ್ಲ.

ನಾನೇ ಬಂದು ಹೇಳಬಹುದಿತ್ತು. ಅವ್ವನ ಮುಖ ನೋಡಿದರೆ ಮತ್ತೆ ಬಾಯಿ ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅಂಚೆಗೆ ಹಾಕಿದರೆ ಭಾನುವಾರದೊಳಗೆ ಸೇರುವುದಿಲ್ಲ. ಪಾಲಹಳ್ಳಿಯ ಮಗಳ ಮನೆಗೆ ಹೊರಟಿರುವ ನಮ್ಮ ಪಕ್ಕದ ಮನೆಯ ಕುಳ್ಳಮ್ಮನ ಕೈಗೆ ಕೊಡುತ್ತೇನೆ. ಅವಳೋ, ದಾರಿಯಲ್ಲಿ ನೆಂಟರ ಮನೆ ಸಿಕ್ಕರೆ ಎರಡು ದಿನ ಅಲ್ಲೇ ಠಿಕಾಣಿ ಹೂಡುವವಳು. ಇದು ನಿನ್ನ ಕೈ ಸೇರುತ್ತದೋ ಇಲ್ಲವೋ.

ಆರ್‌ಟಿಓ ಆಫೀಸಿಗೂ ಒಂದು ಕಾಗದ ಬರೆದಿಟ್ಟಿದ್ದೇನೆ, 'ಇಲ್ಲ' ಎಂದದ್ದು ಸುಳ್ಳು ಅಂತ. ನಿನಗೆ ಹೆಣ್ಣು ತಪ್ಪಿದರೆ, ಅವ್ವ ನನ್ನ ಮುಖ ನೋಡದಿದ್ದರೆ, ಆ ಪಾಪ ನನ್ನ ತಲೆಗೇ ಬರಲಿ.

ಭಾನುವಾರ ಬಾ. ಬಸ್ಸಿನಲ್ಲಿ ಬಾ. ಕೋಳಿ ಸಾರು, ಮುದ್ದೆ ಮಾಡಿರುತ್ತೇನೆ. ಸೋಮವಾರ ಇಬ್ಬರೂ ಆಸ್ಪತ್ರೆಗೆ ಹೋಗೋಣ. ಆದರೆ ಬೀದಿಯಲ್ಲಿ ಮೆಟಡೋರ್ ಹಾರನ್ ಕೇಳಿಸಿತೋ, ಮಕ್ಕಳನ್ನು ಒಳಗೆ ಎಳೆದುಕೊಂಡು ಅಗುಳಿ ಹಾಕುತ್ತೇನೆ. ದಿವ್ಯ ಅತ್ತರೂ, ನೀನು ಹೊರಗೆ ನಿಂತು ಅಕ್ಕಾ ಅಂತ ಕೂಗಿದರೂ ಬಾಗಿಲು ತೆಗೆಯುವುದಿಲ್ಲ.

ಮಾರಮ್ಮ ನಿನ್ನನ್ನು ಕಾಯಲಿ. ಮೈಮೇಲೆ ಬರದೆ, ದೂರ ನಿಂತು ಕಾಯಲಿ.

ನಿನ್ನ ಅಕ್ಕ,
ಪುಟ್ಟತಾಯಿ